ನರ, ನಾಳ, ಮುದ್ರಣ: ರಕ್ತನಾಳದ ಜೈವಿಕ ಮುದ್ರಣವನ್ನು ಮನೆಮಾತಿನಲ್ಲಿ ಹೇಳುವ ಬಗ್ಗೆ

ಸಾಹಿತ್ಯದ ವಿದ್ಯಾರ್ಥಿನಿಗೆ ರಕ್ತನಾಳದ ಉಸಾಬರಿ ಯಾಕೆ ಅಂತ ನಿಮಗನ್ನಿಸಬಹುದು. ನಮ್ಮೂರು ತೇನಿ ಜಿಲ್ಲೆಯ ಕಂಬಂ. ಅಲ್ಲಿಯ ಕಪ್ಪಿಲಿಯರ ಮನೆಗಳಲ್ಲಿ ಆಡುವುದು ಕನ್ನಡ, ಬರೆಯುವುದು ತಮಿಳು. ನನ್ನ ಸೋದರಮಾವ ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ತೇನಿಗೆ ಹೋಗುತ್ತಾರೆ. ಕೈಯಲ್ಲಿ ಕೂರಿಸಿದ ಪ್ಲಾಸ್ಟಿಕ್ ನಳಿಕೆ ಎರಡು ಸಲ ಕಟ್ಟಿಕೊಂಡಿದೆ. "ಹೊಸ ನರ ಪ್ರಿಂಟ್ ಮಾಡ್ತಾರಂತಲ್ಲ, ನಿಜವಾ?" ಅಂತ ಕೇಳಿದ್ರು. ಈ ಪ್ರಬಂಧ ಹುಟ್ಟಿದ್ದು ಆ ಪ್ರಶ್ನೆಯಿಂದ.

ಮೊದಲ ತೊಡಕು 'ನರ'. ಆಡುಮಾತಿನಲ್ಲಿ ರಕ್ತ ಹರಿಯುವುದೂ ನರ, ನೋವು ಮುಟ್ಟಿಸುವುದೂ ನರ. ಪಠ್ಯಪುಸ್ತಕದ 'ರಕ್ತನಾಳ' ಇವೆರಡನ್ನು ಬೇರೆ ಮಾಡುತ್ತದೆ ನಿಜ, ಆದರೆ ಬರೀ ಕೊಳವೆಯ ಚಿತ್ರ ಕೊಡುತ್ತದೆ. ಅಪಧಮನಿಯ ಗೋಡೆಗೆ ಮೂರು ಪದರ: ಒಳಗೆ ರಕ್ತ ಹೆಪ್ಪುಗಟ್ಟದಂತೆ ಕಾಯುವ ಒಂದೇ ಸಾಲಿನ ಎಂಡೋಥೀಲಿಯಲ್ ಕೋಶಗಳು, ನಡುವೆ ಹಿಗ್ಗಿ ಕುಗ್ಗುವ ಸ್ನಾಯು, ಹೊರಗೆ ಕೊಲಾಜನ್ ಹೊದಿಕೆ. ಪ್ಲಾಸ್ಟಿಕ್ಕಿಗೆ ಆ ಒಳಪದರ ಇಲ್ಲ. ನಳಿಕೆಯ ಅಗಲ 6 ಮಿ.ಮೀ.ಗಿಂತ ಕಡಿಮೆಯಾದಷ್ಟೂ ಬೇಗ ಕಟ್ಟುತ್ತದೆ. ಮಾವನ ಕೈಯಲ್ಲಿರೋದು ಆ ಗಡಿಯಲ್ಲೇ ಇದೆ.

ಇನ್ನು 'ಮುದ್ರಣ'. ನಮಗೆ ಅಚ್ಚಾದ ಪುಸ್ತಕ ಅಂದ್ರೆ ಕೆಲಸ ಮುಗಿದ ಪುಸ್ತಕ. ಇಲ್ಲಿ ಅಚ್ಚಾದ ಮೇಲೇ ಕೆಲಸ ಶುರು. ಜೆಲಾಟಿನ್, ಆಲ್ಜಿನೇಟ್‌ನಂಥ ಲೋಳೆಯಲ್ಲಿ ಬೆರೆಸಿದ ಜೀವಂತ ಕೋಶಗಳೇ ಶಾಯಿ. ಯಂತ್ರ ಅದನ್ನು ಪದರಪದರವಾಗಿ ಹಿಂಡುತ್ತದೆ. 2012ರಲ್ಲಿ ಜೋರ್ಡನ್ ಮಿಲ್ಲರ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು: ಸಕ್ಕರೆಯ ಜಾಲ ಮುದ್ರಿಸಿ, ಸುತ್ತ ಕೋಶ ತುಂಬಿದ ಜೆಲ್ ಹುಯ್ದು, ಸಕ್ಕರೆ ಕರಗಿಸಿ, ಉಳಿದ ಕಾಲುವೆಗಳಲ್ಲಿ ರಕ್ತ ಹರಿಸಿದರು. ಹೇಗೆ ಮಾಡಿದರೂ ಹಸಿ ನಳಿಕೆ ಮೆತ್ತಗೆ. ಬಯೋರಿಯಾಕ್ಟರಿನಲ್ಲಿ ನಾಡಿಯಂತೆ ಮಿಡಿಯುವ ದ್ರವವನ್ನು ವಾರಗಟ್ಟಲೆ ಹರಿಸಿದರೆ ಕೋಶಗಳು ತಾವೇ ಕೊಲಾಜನ್ ಹೆಣೆದು ಗಟ್ಟಿಯಾಗ್ತವೆ. "ಅಚ್ಚು ಹಾಕೋದಲ್ಲ ಮಾವ, ಕಡ್ಡಿ ನೆಟ್ಟು ಬೇರು ಬರಿಸೋದು" ಅಂದೆ. ದ್ರಾಕ್ಷಿ ಬೆಳೆಯೋರು, ತಕ್ಷಣ ಹಿಡಿದರು: "ನೀರು?"

ವಿಜ್ಞಾನಿಗಳ ಪ್ರಶ್ನೆಯೂ ಅದೇ. ನಾಳದಿಂದ ಸುಮಾರು 0.2 ಮಿ.ಮೀ. ಆಚೆಗಿನ ಕೋಶಕ್ಕೆ ಆಮ್ಲಜನಕ ಸಾಲದು. 1895ರಲ್ಲಿ ಪೆರಿಯಾರ್ ನೀರು ಸುರಂಗ ದಾಟಿ ನಮ್ಮ ಕಣಿವೆಗೆ ಇಳಿಯಿತು. ಕಾಲುವೆ ಮುಟ್ಟದ ಹೊಲ ಮಾತ್ರ ಮಳೆಯ ದಾರಿಯನ್ನೇ ಕಾಯಬೇಕು. ಬೆಂಗಳೂರಿನ ಪಂಡೋರಂ ಕಂಪನಿ 2015ರಲ್ಲಿ ಯಕೃತ್ತಿನ ಅಂಗಾಂಶದ ತುಣುಕು ಮುದ್ರಿಸಿತು. ಇಡೀ ಯಕೃತ್ತಿಗೆ ಕವಲೊಡೆದ ನಾಳಗಳ ಜಾಲವೇ ಬೇಕು.

2024ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿದ 'ಸಿಮ್ವೆಸ್' ಎಂಬ ನಾಳ ಪ್ರಯೋಗಾಲಯದಲ್ಲಿ ಬೆಳೆಸಿ, ಕೋಶಗಳನ್ನು ತೊಳೆದು ತೆಗೆದದ್ದು, ಮುದ್ರಿಸಿದ್ದಲ್ಲ. ಒಪ್ಪಿಗೆ ಸಿಕ್ಕಿದ್ದೂ ಕೈಕಾಲಿನ ಅಪಧಮನಿಗೆ ಪೆಟ್ಟಾದವರಿಗೆ.

"ಹಾಗಾದ್ರೆ ನನ್ನ ಕೈಗಲ್ಲ" ಅಂದ್ರು ಮಾವ. ಈಗಲ್ಲ ಅಂದೆ.