ಕೊನೆಯ ಜೆಟ್ಟಿಗೆ ಯಾಕೆ ಪ್ರೆಷರ್ ಇಲ್ಲ?

ಜನವರಿ ಕಳೆಯುವಷ್ಟರಲ್ಲಿ ಕಡಬದ ಅಡಿಕೆ ತೋಟಗಳಲ್ಲಿ ಒಂದು ದೂರು ಶುರುವಾಗುತ್ತದೆ: “ನೀರುಂಟು ಮಾರಾಯ್ರೆ, ಪ್ರೆಷರ್ ಇಲ್ಲ.” ಪಂಪಿನ ಹತ್ತಿರದ ಸ್ಪ್ರಿಂಕ್ಲರ್ ಜೆಟ್ಟುಗಳು ಟಕಟಕ ತಿರುಗುತ್ತವೆ, ತೋಟದ ತುದಿಯವು ತಮ್ಮ ಬುಡಕ್ಕೇ ನೀರು ಸುರಿದುಕೊಂಡು ಸುಮ್ಮನಿರುತ್ತವೆ. ತುದಿಯ ಗೇಟ್‌ವಾಲ್ ಮುಚ್ಚಿ ಅಲ್ಲೊಂದು ಗೇಜ್ ಹಾಕಿ ನೋಡಿದರೆ ಮುಳ್ಳು ಚೆನ್ನಾಗಿಯೇ ಏರುತ್ತದೆ. ವಾಲ್ ತೆರೆದ ಕೂಡಲೇ ಬೀಳುತ್ತದೆ. ನಿಂತ ನೀರಿಗಿದ್ದ ಒತ್ತಡ ಹರಿಯುವ ನೀರಿಗೆ ಎಲ್ಲಿ ಹೋಯಿತು?

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಆದರೂ ಮಳೆ ನಿಂತು ಎರಡು ತಿಂಗಳಾಗುವಾಗ ತೋಟಕ್ಕೆ ನೀರು ಬಿಡಲೇಬೇಕು. ಹಿಂದೆ ತೋಡಿಗೆ ಕಟ್ಟ ಕಟ್ಟಿ, ಕಣಿಯಲ್ಲಿ ನೀರು ಹರಿಸಿ, ಹಾಳೆಯಿಂದ ಮರದ ಬುಡಕ್ಕೆ ತೋಕುತ್ತಿದ್ದರು. ಈಗ ಕುಮಾರಧಾರೆಯಿಂದಲೋ ಗುಂಡ್ಯ ಹೊಳೆಯಿಂದಲೋ ಬಾವಿಯಿಂದಲೋ ಪಂಪು ನೀರೆತ್ತಿ ಗುಡ್ಡದ ಬದಿಯ ತೋಟಕ್ಕೆ ದೂಡುತ್ತದೆ. ಕಣಿಯಲ್ಲಿ ನೀರು ಇಳಿಜಾರನ್ನು ನೋಡಿ ಹರಿಯುತ್ತಿತ್ತು. ಪೈಪಿನಲ್ಲಿ ಅದು ಒತ್ತಡವನ್ನು ಖರ್ಚು ಮಾಡಿ ಹರಿಯುತ್ತದೆ.

ಖರ್ಚು ಯಾತಕ್ಕೆಂದರೆ ಉಜ್ಜಾಟಕ್ಕೆ. ಪೈಪಿನ ಗೋಡೆಗೆ ತಾಗಿದ ನೀರು ಅಲ್ಲಿಯೇ ಅಂಟಿ ನಿಲ್ಲುತ್ತದೆ, ನಡುವಿನದು ಓಡುತ್ತದೆ. ನಿಂತದ್ದಕ್ಕೂ ಓಡುವುದಕ್ಕೂ ನಡುವಿನ ಪದರಗಳು ಒಂದನ್ನೊಂದು ಹಿಡಿದೆಳೆಯುತ್ತವೆ, ವೇಗ ಹೆಚ್ಚಿದರೆ ಸುಳಿಗಳೇಳುತ್ತವೆ. ಆಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣದ ಎಳೆಯೊಂದನ್ನು ಬಿಟ್ಟು, ಶಾಂತ ಹರಿವು ಸುಳಿಯ ಹರಿವಾಗುವುದನ್ನು ತೋರಿಸಿದ. ವೇಗ, ವ್ಯಾಸ, ದ್ರವದ ಸ್ನಿಗ್ಧತೆಗಳಿಂದ ಲೆಕ್ಕ ಹಾಕುವ ಅವನ ಹೆಸರಿನ ಸಂಖ್ಯೆ ಸುಮಾರು 2000 ದಾಟಿದ ಮೇಲೆ ಶಾಂತಿ ಕೆಡುತ್ತದೆ. ನಮ್ಮ ತೋಟದ ಪೈಪಿನಲ್ಲಿ ಅದು ಒಂದು ಲಕ್ಷದ ಆಸುಪಾಸು! ಆ ಸುಳಿಗಳಲ್ಲೇ ಒತ್ತಡ ಕರಗಿ, ಗೊತ್ತಾಗದಷ್ಟು ಸಣ್ಣ ಬಿಸಿಯಾಗಿಬಿಡುತ್ತದೆ. ನೀರು ನಿಂತರೆ ಉಜ್ಜಾಟವೂ ಇಲ್ಲ, ನಷ್ಟವೂ ಇಲ್ಲ. ಮುಚ್ಚಿದ ವಾಲ್‌ನ ಹಿಂದೆ ಮುಳ್ಳು ಏರುವುದು ಅದಕ್ಕೇ.

ಈ ನಷ್ಟದ ಲೆಕ್ಕಕ್ಕೆ ಜರ್ಮನಿಯ ಜೂಲಿಯಸ್ ವೈಸ್‌ಬಾಕ್ 1845ರಲ್ಲಿ ಸೂತ್ರ ಕೊಟ್ಟ. ಫ್ರಾನ್ಸಿನ ದಿಜೋಂ ಊರಿಗೆ ಕುಡಿಯುವ ನೀರು ತಂದ ಎಂಜಿನಿಯರ್ ಆನ್ರಿ ಡಾರ್ಸಿ, ಬಗೆಬಗೆಯ ಪೈಪುಗಳಲ್ಲಿ ನೀರು ಹರಿಸಿ ಅಳೆದ ಫಲಿತಾಂಶಗಳನ್ನು 1857ರಲ್ಲಿ ಪ್ರಕಟಿಸಿದ. ಇಬ್ಬರ ಹೆಸರೂ ಸೇರಿದ ಆ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದು ನಾಲ್ಕು ಹೆಜ್ಜೆಯ ಲೆಕ್ಕ.

ಒಂದು ತೋಟವನ್ನು ಊಹಿಸಿಕೊಳ್ಳಿ. ಪಂಪಿನಿಂದ ಪೈಪು 200 ಮೀಟರ್ ಉದ್ದ, ಒಳವ್ಯಾಸ 50 ಮಿಲಿಮೀಟರ್. ಬೇಕಾದ ನೀರು ಸೆಕೆಂಡಿಗೆ ಸುಮಾರು 4 ಲೀಟರ್. ಅಂದರೆ ನೀರಿನ ವೇಗ ಸೆಕೆಂಡಿಗೆ 2 ಮೀಟರ್. ಮೊದಲು ಉದ್ದವನ್ನು ವ್ಯಾಸದಿಂದ ಭಾಗಿಸಿ: 4000. ಅದನ್ನು ಪೈಪಿನ ಉಜ್ಜಾಟವನ್ನು ಸೂಚಿಸುವ ಘರ್ಷಣಾಂಕದಿಂದ ಗುಣಿಸಿ. ಪಿವಿಸಿ ಪೈಪಿಗೆ ಜಾಯಿಂಟುಗಳೂ ಸೇರಿ 0.02 ಎಂದು ಹಿಡಿದರೆ 80. ವೇಗದ ವರ್ಗವಾದ 4ನ್ನು, ಗುರುತ್ವ ವೇಗೋತ್ಕರ್ಷದ ಎರಡು ಪಟ್ಟಾದ 19.6ರಿಂದ ಭಾಗಿಸಿ: ಸುಮಾರು 0.2. ಈಗ 80ನ್ನು 0.2ರಿಂದ ಗುಣಿಸಿ: 16 ಮೀಟರ್.

ಹದಿನಾರು ಮೀಟರ್ ಎಂದರೆ, ನೆಲ ಸಮತಟ್ಟಾಗಿದ್ದರೂ ಪಂಪಿನ ಪಾಲಿಗೆ ಅಲ್ಲೊಂದು 16 ಮೀಟರಿನ ಕಾಣದ ಗುಡ್ಡವಿದೆ. 10 ಮೀಟರ್ ನೀರಿನ ಎತ್ತರ ಎಂದರೆ ಹೆಚ್ಚುಕಡಿಮೆ ‘ಒಂದು ಕೆಜಿ’ ಪ್ರೆಷರ್. ಜೆಟ್ಟಿಗೆ ಎರಡು ಕೆಜಿ ಬೇಕಾದಲ್ಲಿ ಪೈಪೇ ಒಂದೂವರೆಗಿಂತ ಹೆಚ್ಚು ನುಂಗಿತು.

ಇಲ್ಲಿ ಎಲ್ಲರಿಗೂ ಹೊಳೆಯುವ ಪರಿಹಾರ ದೊಡ್ಡ ಪಂಪು. ಆದರೆ ನಷ್ಟ ಬೆಳೆಯುವುದು ವೇಗದ ವರ್ಗದಂತೆ. ಅದೇ ಪೈಪಿನಲ್ಲಿ ಒಂದೂವರೆ ಪಟ್ಟು ನೀರು ದೂಡಿದರೆ ನಷ್ಟ ಎರಡೂಕಾಲು ಪಟ್ಟಾಗಿ 36 ಮೀಟರಿಗೆ ಏರುತ್ತದೆ. ಪಂಪಿನ ಹೊಸ ಶಕ್ತಿಯ ಬಹುಪಾಲು ಪೈಪಿನೊಳಗೇ ತೀರುತ್ತದೆ.

ಪೈಪನ್ನು ಅಗಲ ಮಾಡಿದರೆ? ಒಳವ್ಯಾಸ ಒಂದೂವರೆ ಪಟ್ಟು, ಅಂದರೆ 75 ಮಿಲಿಮೀಟರ್ ಆಗಲಿ. ನೀರು ಮೊದಲಿನಷ್ಟೇ ಇರಲಿ. ನಷ್ಟ 16 ಮೀಟರಿನಿಂದ ಬರೇ 2 ಮೀಟರಿಗೆ ಇಳಿಯುತ್ತದೆ. ಹರಿವಿನ ಜಾಗ ವ್ಯಾಸದ ವರ್ಗದಂತೆ ಹಿಗ್ಗುತ್ತದೆ, ವೇಗ ಅಷ್ಟೇ ತಗ್ಗುತ್ತದೆ. ವೇಗದ ವರ್ಗ ವ್ಯಾಸದ ನಾಲ್ಕನೇ ಘಾತದಂತೆ ತಗ್ಗುತ್ತದೆ. ಜೊತೆಗೆ ಉದ್ದವನ್ನು ಭಾಗಿಸುವ ವ್ಯಾಸವೂ ದೊಡ್ಡದಾಯಿತು. ಒಟ್ಟು ಐದನೇ ಘಾತ. ಒಂದೂವರೆಯನ್ನು ಐದು ಸಲ ಗುಣಿಸಿ ನೋಡಿ, ಏಳೂವರೆ ದಾಟುತ್ತದೆ. ಎತ್ತಬೇಕಾದ ಎತ್ತರ 18 ಮೀಟರ್, ಜೆಟ್ಟಿಗೆ 20 ಮೀಟರ್ ಎಂದು ಸೇರಿಸಿದರೆ, ಸಣ್ಣ ಪೈಪಿಗೆ ಪಂಪು 54 ಮೀಟರ್ ದೂಡಬೇಕು. ದೊಡ್ಡದಕ್ಕೆ 40 ಸಾಕು. ಕೆಲಸದಲ್ಲಿ ಕಾಲು ಭಾಗ ಉಳಿತಾಯ.

ಮದ್ದು ಬಿಡುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಹೋಸಿನ ಒಳವ್ಯಾಸ 8 ಮಿಲಿಮೀಟರ್ ಇದ್ದು, ನಿಮಿಷಕ್ಕೆ 6 ಲೀಟರ್ ಹೋದರೆ, 100 ಮೀಟರಿಗೆ ಸುಮಾರು ಏಳು ಕೆಜಿ ಪ್ರೆಷರ್ ಹೋಸಿನಲ್ಲೇ ಮುಗಿಯುತ್ತದೆ. ಮತ್ತೊಂದು ಹೋಸು ಜೋಡಿಸಿದಾಗ ಮರದ ತಲೆಯಲ್ಲಿ ಮಂಜಾಗಬೇಕಾದ ಮದ್ದು ದಪ್ಪ ಹನಿಯಾಗಿ ಉದುರುವುದು ಇದರಿಂದಲೇ.

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪಿಗೆ ವಿದ್ಯುತ್ ಉಚಿತ. ಹಾಗಾಗಿ ಪೈಪು ನುಂಗಿದ ಕರೆಂಟು ನಮ್ಮ ಬಿಲ್ಲಿನಲ್ಲಿ ಕಾಣುವುದಿಲ್ಲ. ಅದು ಕಾಣುವುದು ಏಪ್ರಿಲ್‌ನಲ್ಲಿ, ತೋಟದ ತುದಿಯ ಹಳದಿ ಸೋಗೆಯಲ್ಲಿ. ಪೈಪಿನಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ಹೊಳೆಯಿಂದ ತೋಟದ ತುದಿಯವರೆಗೆ ಒಮ್ಮೆ ಅಳೆಯಿರಿ, ಎಲ್ಬೋಗಳನ್ನು ಎಣಿಸಿ. ಎರಡಿಂಚಿನ ಒಂದೊಂದು ಎಲ್ಬೋವೂ ಸುಮಾರು ಒಂದೂವರೆ ಮೀಟರ್ ಪೈಪಿಗೆ ಸಮ. ಅಂಗಡಿಯವರು 63, 75 ಎನ್ನುವುದು ಪಿವಿಸಿ ಪೈಪಿನ ಹೊರವ್ಯಾಸ, ಲೆಕ್ಕಕ್ಕೆ ಬೇಕಾದದ್ದು ಒಳವ್ಯಾಸ. ಅದನ್ನು ಕೇಳಿ ಬರೆದುಕೊಳ್ಳಿ. ಪಂಪಿನ ಎಚ್‌ಪಿ ತೀರ್ಮಾನಿಸುವುದು ಆಮೇಲಿನ ಮಾತು.