ಆ ಗಿಡದ ಎಲಿಗೆ ಗಂಟು, ಈ ಗಿಡದ ಎಲಿಗೆ ಯಾಕಿಲ್ಲ?

ನಮ್ಮ ಹೊಲದ ಬದುವಿನ ಮೇಲೆ ಎರಡು ಮಾವಿನ ಗಿಡಗಳಿವೆ. ಎರಡೂ ಜವಾರಿ, ಗೊರಟೆಯಿಂದ ಹುಟ್ಟಿದವು. ನಡುವೆ ಇಪ್ಪತ್ತು ಹೆಜ್ಜೆ ಅಂತರವೂ ಇಲ್ಲ. ಮಣ್ಣು ಒಂದೇ, ಮಳೆ ಒಂದೇ. ಆದರೆ ಒಂದರ ಎಲೆ ತುಂಬ ಸಿಡುಬು ಎದ್ದಂತೆ ಗಂಟುಗಳು. ಇನ್ನೊಂದರ ಎಲೆ ನುಣ್ಣಗೆ.

ಹೋದ ವರ್ಷ ಅಪ್ಪ, “ಈ ಎರಡೂ ಗಿಡ ಕಡದು ಕಲ್ಮಿ ಹಚ್ಚೋಣು, ಹುಬ್ಬಳ್ಳಿ ಪ್ಯಾಟ್ಯಾಗ ಅದಕ್ಕ ರೇಟ್ ಐತಿ” ಅಂದರು. ಅಜ್ಜಿಗೆ ಸಿಟ್ಟು ಬಂತು. “ಉಪ್ಪಿನಕಾಯಿಗೆ ಏನ್ ಮಾಡ್ತಿ?” ಅಂದಳು. ನಾನು ಎರಡೂ ಗಿಡದ ಎಲೆ ತಂದು ನಮ್ಮ ವಿಜ್ಞಾನದ ಸರ್‌ಗೆ ತೋರಿಸಿದೆ. ಅವರು ಹೇಳಿದ್ದು, ನಾನು ನೋಡಿದ್ದು ಎರಡನ್ನೂ ಇಲ್ಲಿ ಬರೆದಿದ್ದೇನೆ.

ಗಂಟು ಅಂದರೆ ಏನು?

ಅದು ಒಂದು ನೊಣದ ಮನೆ. ನೊಣ ಗುಂಗಾಡಿಗಿಂತ ಸಣ್ಣದು. 1906ರಲ್ಲಿ ವಿಜ್ಞಾನಿಗಳು ಇದಕ್ಕೆ ಪ್ರೊಕಾಂಟರೀನಿಯಾ ಮ್ಯಾಟೆಯಾನಾ ಎಂದು ಹೆಸರಿಟ್ಟರು. ತಾಯಿ ನೊಣ ಎಳೆ ಎಲೆಯಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಒಳಗೆ ಸೇರಿ ತಿನ್ನುವಾಗ ಎಲೆ ಅದರ ಸುತ್ತ ಊದಿಕೊಳ್ಳುತ್ತದೆ. ಹುಳಕ್ಕೆ ಊಟ, ವಸತಿ ಎರಡೂ ಅಲ್ಲೇ! ದೊಡ್ಡದಾದ ಮೇಲೆ ತೂತು ಬಿದ್ದು ನೊಣ ಹೊರಗೆ ಹಾರುತ್ತದೆ. ಹಳೆಯ ಗಂಟಿನ ಮೇಲೆ ಆ ತೂತು ನಮಗೂ ಕಾಣುತ್ತದೆ.

ಎಲೆ ಹೇಗೆ ಕಾಪಾಡಿಕೊಳ್ಳುತ್ತದೆ?

1. ಗಟ್ಟಿತನ: ಮಾವಿನ ಚಿಗುರು ಮೊದಲು ತಾಮ್ರದ ಬಣ್ಣದ್ದು, ಮೆತ್ತಗೆ ಜೋತಾಡುತ್ತದೆ. ಕೆಲವು ವಾರಗಳಲ್ಲಿ ಹಸಿರಾಗಿ ಚರ್ಮದಂತೆ ಬಿರುಸಾಗುತ್ತದೆ. ಬಿರುಸಾದ ಎಲೆ ನೊಣಕ್ಕೆ ಬೇಡ. ಬೇಗ ಬಿರುಸಾಗುವ ಎಲೆ ಬೇಗ ಪಾರಾಗುತ್ತದೆ.

2. ಚಿಗುರುವ ರೀತಿ: ಇದನ್ನು ನಾನೇ ಕಂಡೆ. ಗಂಟಿನ ಗಿಡ ಈ ತಿಂಗಳು ಒಂದು ಟೊಂಗೆ, ಮುಂದೆ ಇನ್ನೊಂದು ಟೊಂಗೆ ಅಂತ ಬಿಟ್ಟು ಬಿಟ್ಟು ಚಿಗುರಿತು. ನೊಣಕ್ಕೆ ದಿನಾ ಹಬ್ಬ! ನುಣ್ಣನೆ ಎಲೆಯ ಗಿಡ ಒಮ್ಮೆಲೇ ಚಿಗುರಿ ಒಮ್ಮೆಲೇ ಬಲಿಯಿತು.

3. ಎಲೆಯೊಳಗಿನ ರಸ: ಮಾವಿನ ಎಲೆಯಲ್ಲಿ ಟ್ಯಾನಿನ್, ಮ್ಯಾಂಜಿಫೆರಿನ್ ಮುಂತಾದ ಒಗರು, ಕಹಿ ವಸ್ತುಗಳಿವೆ. ಅವುಗಳ ಪ್ರಮಾಣ ಎಲ್ಲ ಗಿಡಗಳಲ್ಲಿ ಒಂದೇ ಸಮ ಇರುವುದಿಲ್ಲ. ಇಂಥ ವಸ್ತುಗಳು ಹೆಚ್ಚಿದ್ದರೆ ಬಹಳ ಹುಳಗಳಿಗೆ ಊಟ ಸೇರುವುದಿಲ್ಲ.

ಹಾಗಾದರೆ ಎಲ್ಲ ಗಿಡಗಳೂ ಯಾಕೆ ಒಗರಾಗಿ, ಬಿರುಸಾಗಿ ಇರಬಾರದು ಎಂದು ನಾನು ಕೇಳಿದೆ. “ಹೊಲಕ್ಕ ಬೇಲಿ ಹಾಕಾಕ ರೊಕ್ಕ ಬೇಕಲ್ಲೋ, ಹಂಗ ಗಿಡಕ್ಕೂ ಖರ್ಚು ಐತಿ” ಅಂದರು ಸರ್. ಆ ಶಕ್ತಿಯಲ್ಲೇ ಗಿಡ ಬೆಳೆಯಬೇಕು, ಕಾಯಿ ಬಿಡಬೇಕು. ಅಲ್ಲದೆ ಒಂದು ಹುಳವನ್ನು ತಡೆದ ಎಲೆ ಇನ್ನೊಂದು ಹುಳಕ್ಕೆ ಸೋಲಬಹುದು.

ಜವಾರಿಗೂ ಕಲ್ಮಿಗೂ ಏನು ಫರಕು?

ಗೊರಟೆಯಿಂದ ಹುಟ್ಟಿದ ಒಂದೊಂದು ಗಿಡವೂ ಬೇರೆ ಬೇರೆ, ಅಣ್ಣ-ತಮ್ಮಂದಿರು ಇದ್ದ ಹಾಗೆ. ಧಾರವಾಡದ ಹೆಸರು ಬೆಳಗಿಸಿದ ಆಪೂಸ್ ಹಾಗಲ್ಲ. ಅದನ್ನು ಕಸಿ ಕಟ್ಟಿ ಬೆಳೆಸುತ್ತಾರೆ. ಆದ್ದರಿಂದ ತೋಟದ ಎಲ್ಲ ಗಿಡಗಳ ಗುಣವೂ ಒಂದೇ. ರುಚಿ ಒಂದೇ ಬರುವುದು ಲಾಭ. ಆದರೆ ಒಂದು ಗಿಡಕ್ಕೆ ಒಗ್ಗಿದ ಹುಳಕ್ಕೆ ಇಡೀ ತೋಟವೇ ಒಗ್ಗುತ್ತದೆ. ಹೂ ಬಿಡುವಾಗ ಜಿಗಿಹುಳ ರಸ ಹೀರಿ, ಅಂಟು ಸುರಿದು, ಎಲೆಗೆ ಕಪ್ಪು ಬೂಜು ಹಿಡಿಯುವುದನ್ನು ಆಪೂಸ್ ತೋಟದವರೆಲ್ಲ ಬಲ್ಲರು. ಜವಾರಿ ಎಲ್ಲವೂ ಗಟ್ಟಿ ಎಂದಲ್ಲ, ನಮ್ಮ ಗಂಟಿನ ಗಿಡವೂ ಜವಾರಿಯೇ. ಆದರೆ ಹತ್ತು ನಮೂನೆ ಗಿಡಗಳಿದ್ದರೆ ಕೆಲವಾದರೂ ಉಳಿಯುತ್ತವೆ. ಮುಂದೆ ಗಟ್ಟಿ ತಳಿ ಮಾಡಬೇಕೆಂದವರಿಗೂ ಇಂಥ ಗಿಡಗಳೇ ಬೇಕು. ಕಡಿದರೆ ಅದೇ ಗಿಡ ಮತ್ತೆ ಹುಟ್ಟುವುದಿಲ್ಲ.

ಇಷ್ಟನ್ನೂ ಮನೆಯಲ್ಲಿ ಹೇಳಿದೆ. ಅಪ್ಪ ನುಣ್ಣನೆ ಎಲೆಯ ಗಿಡವನ್ನು ಬಿಡಲು ಒಪ್ಪಿದರು. “ಆ ಗಂಟಿಂದು?” ಅಂತ ಕೇಳಿದರು. ಅಜ್ಜಿ ನಕ್ಕಳು. ಅವಳ ಉಪ್ಪಿನಕಾಯಿಗೆ ಆಗುವ ಹುಳಿ ಕಾಯಿ ಅದೇ ಗಿಡದ್ದು! ಈಗ ಎರಡೂ ನಿಂತಿವೆ. ಕಲ್ಮಿ ಸಸಿಗಳನ್ನು ಬಾವಿ ಕಡೆ ಹಚ್ಚಿದ್ದೇವೆ.

ಮಾಡಿ ನೋಡಿರಿ: ಎರಡು ಜವಾರಿ ಗಿಡಗಳಿಂದ, ಒಂದೇ ಎತ್ತರದ ಹತ್ತು ಹತ್ತು ಬಲಿತ ಎಲೆ ತನ್ನಿರಿ. ಗಂಟು ಎಣಿಸಿರಿ. ಎಲೆ ಮಡಚಿ ಯಾವುದು ಬಿರುಸು ನೋಡಿರಿ. ಸೊನೆ ಕಣ್ಣಿಗೆ, ಬಾಯಿಗೆ ತಾಗಿಸಬೇಡಿರಿ, ಸುಡುತ್ತದೆ. ನಿಮ್ಮ ಲೆಕ್ಕವನ್ನು ಚೀಟಿಯಲ್ಲಿ ಬರೆದು ಈ ಹಾಳೆಯ ಪಕ್ಕದಲ್ಲೇ ಅಂಟಿಸಿರಿ.

– 9ನೆಯ ತರಗತಿಯ ವಿದ್ಯಾರ್ಥಿ