ಹಿತ್ತಲಿನ ಸ್ಮೋಕರ್: ಅಗ್ಗಕ್ಕೂ ಸುರಕ್ಷತೆಗೂ ನಡುವಣ ಲೆಕ್ಕ

ಮಾಂಸವನ್ನು ಹೊಗೆಯಲ್ಲಿ ಹದಗೊಳಿಸುವ ಪದ್ಧತಿ ಕರ್ನಾಟಕಕ್ಕೆ ಹೊಸದೇನೂ ಅಲ್ಲ. ಕೊಡಗಿನ ಮನೆಗಳಲ್ಲಿ ಸೌದೆ ಒಲೆಯ ಮೇಲ್ಗಡೆ ಹಂದಿಮಾಂಸವನ್ನು ತೂಗುಹಾಕಿ ಒಣಗಿಸುವುದು ಹಿಂದಿನಿಂದ ನಡೆದು ಬಂದ ಕ್ರಮ. ಬೆಂಗಳೂರಿನ ದಂಡು ಪ್ರದೇಶ 1809ರಲ್ಲಿ ಸ್ಥಾಪನೆಯಾದ ಮೇಲೆ ಬಗೆಬಗೆಯ ಮಾಂಸಾಹಾರದ ರುಚಿಗಳು ಅಲ್ಲಿ ನೆಲೆಯೂರಿದವು. ಕೊಡಗಿನಿಂದಲೂ ಈಶಾನ್ಯ ರಾಜ್ಯಗಳಿಂದಲೂ ಬಂದು ನಗರದಲ್ಲಿ ನೆಲೆಸಿದ ಕುಟುಂಬಗಳು ತಮ್ಮ ಊರಿನ ಹೊಗೆಯ ರುಚಿಯನ್ನು ಜೊತೆಗೆ ತಂದಿವೆ. ಹಿತ್ತಲು ಅಥವಾ ಅಂಗಳವುಳ್ಳ ಮನೆಗಳಲ್ಲಿ ‘ಸ್ಮೋಕರ್’ ಎಂಬ ಸಾಧನಕ್ಕೆ ಬೇಡಿಕೆ ಹುಟ್ಟಿರುವುದು ಈ ಹಿನ್ನೆಲೆಯಲ್ಲಿ.

ಆಮದಾದ ಸ್ಮೋಕರುಗಳ ಬೆಲೆ ಹೆಚ್ಚು. ಆದ್ದರಿಂದ ಗ್ರಾಹಕನು ಗುಜರಿಯಲ್ಲಿ ಹಳೆಯ ಡ್ರಮ್ಮೊಂದನ್ನು ಕೊಂಡು, ವಿಮಾನಪುರ, ಮಹದೇವಪುರ ಅಥವಾ ಕೆ.ಆರ್. ಪುರದ ವೆಲ್ಡಿಂಗ್ ಅಂಗಡಿಗೆ ತಂದು, ಬಾಗಿಲು ಕೊರೆದು ಜಾಲರಿ ಕೂರಿಸಿಕೊಡುವಂತೆ ಕೇಳುವುದು ಸಾಮಾನ್ಯ. ಸಣ್ಣ ಉತ್ಪಾದಕನಿಗೆ ಇದೊಂದು ಅವಕಾಶ. ಆದರೆ ಅಪಾಯವೂ ಇಲ್ಲಿಂದಲೇ ಪ್ರಾರಂಭವಾಗುತ್ತದೆ. ಎಲ್ಲಿ ಹಣ ಉಳಿಸಬಹುದು, ಎಲ್ಲಿ ಉಳಿಸಲೇಕೂಡದು ಎಂಬುದನ್ನು ಮಾಡುವವರೂ ಕೊಳ್ಳುವವರೂ ಮಾರುವವರೂ ಅರಿತಿರುವುದು ಅವಶ್ಯ.

ಸಾಧನದ ಸ್ವರೂಪ

ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ ರಂಜಾನ್ ಮಾಸದ ಸಂಜೆಗಳಿಗೆ ಹೆಸರು ತಂದ ಕಬಾಬು ಕೆಂಡದ ನೇರ ಶಾಖದಲ್ಲಿ ಕೆಲವೇ ನಿಮಿಷಗಳಲ್ಲಿ ಬೇಯುವಂಥದು. ಸ್ಮೋಕರಿನ ಕ್ರಮ ಬೇರೆ. ಇಲ್ಲಿ ಮಾಂಸವು ಕೆಂಡದಿಂದ ದೂರದಲ್ಲಿದ್ದು, ಮುಚ್ಚಿದ ಗೂಡಿನೊಳಗೆ ಸುಮಾರು 107ರಿಂದ 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ತಾಸುಗಳ ಕಾಲ ನಿಧಾನವಾಗಿ ಬೇಯುತ್ತದೆ. ಸಾಧನಕ್ಕೆ ಬೇಕಾದ ಭಾಗಗಳು ಐದೇ: ಕೆಂಡದ ಬುಟ್ಟಿ, ಕೆಳಗೆ ಗಾಳಿ ಬರುವ ಕಿಂಡಿ, ಮಾಂಸವಿಡುವ ಜಾಲರಿ, ಮುಚ್ಚಳ ಮತ್ತು ಮೇಲೆ ಹೊಗೆ ಹೋಗುವ ಕಿಂಡಿ. ಕೆಳಗಿನ ಕಿಂಡಿಯಿಂದ ಶಾಖವನ್ನು ಹತೋಟಿಯಲ್ಲಿಡಬೇಕು. ಮೇಲಿನದನ್ನು ಅಡುಗೆಯ ವೇಳೆ ಪೂರ್ಣವಾಗಿ ಮುಚ್ಚಕೂಡದು. ಮುಚ್ಚಿದರೆ ಹೊಗೆ ಒಳಗೇ ಕಟ್ಟಿಕೊಂಡು ಮಾಂಸದ ಮೇಲೆ ಕಹಿಯಾದ ಕಪ್ಪು ಜಿಡ್ಡು ಕೂರುತ್ತದೆ. ತೆಳುವಾದ ನೀಲಿ ಛಾಯೆಯ ಹೊಗೆ ಉತ್ತಮ ದಹನದ ಲಕ್ಷಣ. ದಟ್ಟವಾದ ಬಿಳಿ ಹೊಗೆ ಗಾಳಿಯ ಕೊರತೆಯ ಇಲ್ಲವೆ ಹಸಿ ಕಟ್ಟಿಗೆಯ ಲಕ್ಷಣ.

ಡ್ರಮ್ಮಿನ ಪೂರ್ವಾಪರ

ವಿಮಾನಪುರದ ಉದ್ಯಮಿಗಳಿಗೆ ಒಂದು ಶಿಸ್ತನ್ನು ಹೊಸದಾಗಿ ಕಲಿಸಬೇಕಾಗಿಲ್ಲ. 1940ರ ಡಿಸೆಂಬರಿನಲ್ಲಿ ಸ್ಥಾಪನೆಯಾದ ಎಚ್.ಎ.ಎಲ್. ಸಂಸ್ಥೆಯ ನೆರಳಿನಲ್ಲಿ ಬೆಳೆದ ಉಪಗುತ್ತಿಗೆಯ ಘಟಕಗಳಿಗೆ, ವಿಮಾನದ ಬಿಡಿಭಾಗಕ್ಕೆ ಬಳಸುವ ಲೋಹ ಎಲ್ಲಿಂದ ಬಂತು, ಯಾವ ದರ್ಜೆಯದು ಎಂಬುದರ ದಾಖಲೆಯಿಲ್ಲದೆ ಕೆಲಸಕ್ಕೆ ಕೈಹಚ್ಚಕೂಡದೆಂಬುದು ತಿಳಿದ ವಿಷಯ. ಇದೇ ನಿಯಮವನ್ನು ಹಿತ್ತಲಿನ ಸ್ಮೋಕರಿಗೂ ಅನ್ವಯಿಸಿದರೆ ಅನರ್ಥಗಳಲ್ಲಿ ಬಹುಪಾಲು ತಪ್ಪುತ್ತದೆ.

200 ಲೀಟರಿನ ಹಳೆಯ ಡ್ರಮ್ಮಿನಲ್ಲಿ ಹಿಂದೆ ಏನಿತ್ತು ಎಂಬುದನ್ನು ಮಾರುವವನು ನಿಶ್ಚಯವಾಗಿ ಹೇಳಲಾರ. ಥಿನ್ನರ್, ಬಣ್ಣ, ಕೀಟನಾಶಕ, ಎಣ್ಣೆ ಇವುಗಳಲ್ಲಿ ಯಾವುದೂ ಇದ್ದಿರಬಹುದು. ಅಪಾಯಗಳು ಎರಡು ಬಗೆಯವು. ಮೊದಲನೆಯದು ಕತ್ತರಿಸುವವನಿಗೆ ಸಂಬಂಧಿಸಿದ್ದು. ಖಾಲಿಯಾಗಿ ಕಾಣುವ ಡ್ರಮ್ಮಿನೊಳಗೆ ಉಳಿದ ದ್ರಾವಕದ ಆವಿ ಗಾಳಿಯೊಡನೆ ಬೆರೆತು ಸ್ಫೋಟಕ ಮಿಶ್ರಣವಾಗಿರುತ್ತದೆ. ಗ್ಯಾಸ್ ಕಟರಿನ ಜ್ವಾಲೆಗಾಗಲಿ ಗ್ರೈಂಡರಿನ ಕಿಡಿಗಾಗಲಿ ಅದು ಸಿಡಿಯಬಲ್ಲದು. ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮು ಹೆಚ್ಚು ಅಪಾಯಕರವೆಂಬುದು ಈ ಕಾರಣದಿಂದಲೇ. ನೀರಿನಲ್ಲಿ ಒಮ್ಮೆ ತೊಳೆದ ಮಾತ್ರಕ್ಕೆ ಅಪಾಯ ನಿವಾರಣೆಯಾಗದು.

ಎರಡನೆಯದು ತಿನ್ನುವವನಿಗೆ ಸಂಬಂಧಿಸಿದ್ದು. ಅನೇಕ ಡ್ರಮ್ಮುಗಳ ಒಳಮೈಗೆ ಎಪಾಕ್ಸಿ ಅಥವಾ ಫಿನಾಲಿಕ್ ಲೇಪನವಿರುತ್ತದೆ. ಶಾಖಕ್ಕೆ ಅದು ಕರಕಲಾಗಿ, ಅದರ ಆವಿ ಆಹಾರಕ್ಕೆ ತಗಲುತ್ತದೆ. ಒಳಗೆ ಲೇಪನವಿಲ್ಲದ, ಮೇಲ್ಭಾಗ ಪೂರ್ತಿ ತೆರೆಯುವ ಹೊಸ ಡ್ರಮ್ಮು ದೊರೆತರೆ ಮಾತ್ರ ಅದು ಯೋಗ್ಯ.

ಸತು ಲೇಪಿತ ಜಿ.ಐ. ಶೀಟಿನ ವಿಚಾರವೂ ಇಂಥದೇ. ಸತುವು ಸುಮಾರು 420 ಡಿಗ್ರಿಯಲ್ಲಿ ಕರಗುತ್ತದೆ. ಕೆಂಡದ ಬುಟ್ಟಿಯ ಸಮೀಪ ಆ ಮಟ್ಟದ ಶಾಖ ಸಹಜ. ಜಿ.ಐ. ಶೀಟನ್ನು ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ವೆಲ್ಡರುಗಳಿಗೆ ಚಳಿಜ್ವರ ತರಿಸುವುದು ಎಲ್ಲ ವರ್ಕ್‌ಷಾಪುಗಳಿಗೂ ಗೊತ್ತಿರುವ ಸಂಗತಿ. ಜಿ.ಐ. ಜಾಲರಿಯ ಮೇಲೆ ನಿಂಬೆರಸ, ಮೊಸರು ಹಚ್ಚಿದ ಮಾಂಸವಿಟ್ಟರೆ ಹುಳಿಯ ಸಂಪರ್ಕದಿಂದ ಸತು ಆಹಾರಕ್ಕಿಳಿಯುತ್ತದೆ. ಹಳೆಯ ಫ್ರಿಜ್ಜಿನ ತಂತಿಯ ತಟ್ಟೆಗಳನ್ನು ಜಾಲರಿಯಾಗಿ ಬಳಸುವುದು ಇನ್ನೂ ಕೆಟ್ಟದ್ದು. ಅವುಗಳಲ್ಲಿ ಕೆಲವಕ್ಕೆ ವಿಷಕಾರಿ ಕ್ಯಾಡ್ಮಿಯಂ ಲೇಪನವಿರುವ ಸಂಭವವುಂಟು.

ಹೊಸ ಶೀಟಿನ ಲೆಕ್ಕ

ಹೊಸ ಶೀಟಿನಿಂದ ಮಾಡಿದರೆ ವೆಚ್ಚ ಕೈಮೀರುತ್ತದೆಂಬುದು ಸಾಮಾನ್ಯ ಅಭಿಪ್ರಾಯ. ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 45 ಸೆಂ.ಮೀ. ವ್ಯಾಸ, 90 ಸೆಂ.ಮೀ. ಎತ್ತರದ ಗೂಡಿಗೆ ತಳ ಮತ್ತು ಮುಚ್ಚಳ ಸೇರಿ ಸುಮಾರು 1.6 ಚದರ ಮೀಟರ್ ಶೀಟು ಬೇಕು. 1.6 ಮಿ.ಮೀ. ದಪ್ಪದ ಸಾದಾ ಎಂ.ಎಸ್. ಶೀಟಿನಲ್ಲಿ ಅದರ ತೂಕ ಸುಮಾರು 20 ಕೆ.ಜಿ. ಬುಟ್ಟಿ, ಕಾಲು, ಹಿಡಿಕೆಗಳಿಗೆ ಇನ್ನೊಂದು 6 ಕೆ.ಜಿ. ವಿವರಣೆಗಾಗಿ ಮಾತ್ರ ಕೆ.ಜಿ.ಗೆ 80 ರೂ. ಎಂದು ಹಿಡಿಯೋಣ. ಇತರ ದರಗಳೂ ಊಹೆಯವೇ. ಆಯಾ ದಿನದ ಪೇಟೆ ದರವನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಬಹುದು.

ಹೊಸ ಶೀಟಿನ ಸ್ಮೋಕರ್: ಲೋಹ 2,080 ರೂ.; ಸ್ಟೇನ್‌ಲೆಸ್ ಸ್ಟೀಲ್ ಜಾಲರಿ 900 ರೂ.; ಎರಡು ಥರ್ಮಾಮೀಟರು 1,000 ರೂ.; ಕೂಲಿ 1,800 ರೂ.; ಬಣ್ಣ, ವೆಲ್ಡಿಂಗ್ ರಾಡ್ ಇತ್ಯಾದಿ 400 ರೂ. ಒಟ್ಟು 6,180 ರೂ.

ಗುಜರಿ ಡ್ರಮ್ಮಿನ ಸ್ಮೋಕರ್: ಡ್ರಮ್ಮು 700 ರೂ.; ಉಳಿದ ಲೋಹ 480 ರೂ.; ಜಿ.ಐ. ಜಾಲರಿ 200 ರೂ.; ಕೂಲಿ 1,200 ರೂ.; ಬಣ್ಣ ಇತ್ಯಾದಿ 400 ರೂ. ಒಟ್ಟು 2,980 ರೂ.

ವ್ಯತ್ಯಾಸ 3,200 ರೂ. ತಿಂಗಳಿಗೊಮ್ಮೆಯಂತೆ ಐದು ವರ್ಷ ಬಳಸಿದರೆ 60 ಬಾರಿ. ಅಂದರೆ ಪ್ರತಿ ಬಳಕೆಗೆ ಬೀಳುವ ಹೆಚ್ಚಿನ ವೆಚ್ಚ ಸುಮಾರು 53 ರೂ. ಒಂದು ಬಾರಿಗೆ ಬೇಕಾದ ಇದ್ದಿಲು, ಮಾಂಸದ ಬೆಲೆಯ ಮುಂದೆ ಇದು ಅಲ್ಪ ಮೊತ್ತ. ಉಳಿತಾಯ ಮಾಡಲೇಬೇಕಿದ್ದರೆ ಚಕ್ರ, ಪಕ್ಕದ ಹಲಗೆ, ಹೊಳಪಿನ ಬಣ್ಣ ಇವುಗಳಲ್ಲಿ ಮಾಡಬಹುದು. ಬಣ್ಣವು ಶಾಖ ತಡೆಯುವಂಥದಾಗಿ, ಹೊರಮೈಗೆ ಮಾತ್ರ ಸೀಮಿತವಾಗಿರತಕ್ಕದ್ದು. ಒಳಮೈಗೆ ಅಡುಗೆ ಎಣ್ಣೆ ಸವರಿ, ಮಾಂಸವಿಲ್ಲದೆ ಎರಡು ಮೂರು ತಾಸು ಬೆಂಕಿ ಹಾಕಿ ಹದಗೊಳಿಸಿದರೆ ತುಕ್ಕು ಹಿಡಿಯುವುದು ಕಡಿಮೆಯಾಗುತ್ತದೆ.

ಇದಕ್ಕಿಂತಲೂ ಅಗ್ಗದ ಮಾರ್ಗ ಮಣ್ಣಿನದು. ದಂಡಿನ ಪಾಟರಿ ಟೌನಿನಂಥ ಕುಂಬಾರರ ಬೀದಿಯಲ್ಲಿ ದೊರೆಯುವ ದಪ್ಪ ಗೋಡೆಯ ಎರಡು ಕುಂಡಗಳಲ್ಲಿ ಒಂದರ ತಳದಲ್ಲಿ ಕೆಂಡ, ಕಂಠದಲ್ಲಿ ಸ್ಟೀಲ್ ಜಾಲರಿ ಇಟ್ಟು, ಮತ್ತೊಂದನ್ನು ಬೋರಲು ಹಾಕಿದರೆ ಕೋಳಿಯೊಂದಕ್ಕೆ ಸಾಕಾಗುವ ಸ್ಮೋಕರು ಸಿದ್ಧ. ಗಾಳಿಗೆ ಕೆಳಗೂ ಮೇಲೂ ರಂಧ್ರಗಳಿರಬೇಕು. ಬಣ್ಣ ಬಳಿದ ಅಥವಾ ಗಾಜಿನ ಹೊಳಪಿನ ಕುಂಡ ಸಲ್ಲದು. ಒದ್ದೆ ಮಣ್ಣಿಗೆ ಒಮ್ಮೆಲೇ ಶಾಖ ಕೊಟ್ಟರೆ ಅದು ಬಿರಿಯುವುದರಿಂದ ಮೊದಲ ಬಾರಿ ಸಣ್ಣ ಉರಿಯಲ್ಲಿ ಕಾಯಿಸತಕ್ಕದ್ದು.

ಉರುವಲು ಮತ್ತು ಸ್ಥಳ

ಮಾವು, ಸೀಬೆ ಮರಗಳ ಒಣಗಿದ ತುಂಡುಗಳೂ ತೆಂಗಿನ ಚಿಪ್ಪಿನ ಇದ್ದಿಲೂ ಯೋಗ್ಯವಾದ ಉರುವಲು. ಪ್ಲೈವುಡ್ಡು, ಬಣ್ಣದ ಹಲಗೆ, ಪಾಲಿಶ್ ಹಾಕಿದ ಪೀಠೋಪಕರಣದ ಚೂರು ನಿಷಿದ್ಧ. ಕೈಗಾರಿಕಾ ಪ್ರದೇಶಗಳಲ್ಲಿ ಪುಕ್ಕಟೆ ಸಿಗುವ ಆಮದು ಸರಕಿನ ಪ್ಯಾಲೆಟ್ಟುಗಳ ಮುದ್ರೆಯಲ್ಲಿ ‘ಎಂ.ಬಿ.’ ಎಂದಿದ್ದರೆ ಅವುಗಳನ್ನು ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ಸಂಸ್ಕರಿಸಲಾಗಿದೆ ಎಂದರ್ಥ. ‘ಎಚ್.ಟಿ.’ ಎಂದರೆ ಶಾಖದಿಂದ ಸಂಸ್ಕರಿಸಿದ್ದು. ಆದರೂ ಅದರ ಮೇಲೆ ಯಾವ ರಾಸಾಯನಿಕ ಚೆಲ್ಲಿತ್ತೆಂದು ತಿಳಿಯದಿರುವುದರಿಂದ ಪ್ಯಾಲೆಟ್ಟಿನ ಮರವನ್ನೇ ದೂರವಿಡುವುದು ಲೇಸು. ಬೇಲಿಯ ಕಣಗಿಲೆಯ ಕಡ್ಡಿಯಂತೂ ಉರುವಲಾಗಿಯೂ ಬೇಡ, ಮಾಂಸ ಪೋಣಿಸಲೂ ಬೇಡ. ಆ ಗಿಡದ ಎಲ್ಲ ಭಾಗಗಳೂ ವಿಷ.

ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಆರುತ್ತಿರುವ ಕೆಂಡವೂ ಅದನ್ನು ಬಿಡುತ್ತಲೇ ಇರುತ್ತದೆ. ಆದ್ದರಿಂದ ಮಳೆ ಬಂತೆಂದು ಸ್ಮೋಕರನ್ನು ಗ್ಯಾರೇಜಿನ ಶಟರಿನೊಳಗೆ, ಮುಚ್ಚಿದ ಬಾಲ್ಕನಿಗೆ ಇಲ್ಲವೆ ಅಡುಗೆಮನೆಗೆ ಸಾಗಿಸುವುದು ಪ್ರಾಣಾಪಾಯವನ್ನು ಆಹ್ವಾನಿಸಿದಂತೆ. ಗೋಡೆ, ಬೇಲಿ, ಒಣಗಿದ ಗರಿಗಳಿಂದ ಮೂರು ಮೀಟರಾದರೂ ದೂರದಲ್ಲಿ, ಸಮತಟ್ಟಾದ ನೆಲದ ಮೇಲೆ ಇಡಬೇಕು. ತೊಟ್ಟಿಕ್ಕುವ ಕೊಬ್ಬಿಗೆ ಬೆಂಕಿ ಹತ್ತಿಕೊಂಡರೆ ನೀರು ಎರಚಕೂಡದು; ಮುಚ್ಚಳವನ್ನೂ ಕಿಂಡಿಗಳನ್ನೂ ಮುಚ್ಚಿ ಗಾಳಿ ತಡೆಯುವುದೇ ಉಪಾಯ. ಬಕೀಟಿನಲ್ಲಿ ಮರಳು ಸಿದ್ಧವಿರಲಿ.

ಥರ್ಮಾಮೀಟರು ಅಲಂಕಾರವಲ್ಲ

ಹೊಗೆಯಲ್ಲಿ ಬೆಂದ ಮಾಂಸದ ಅಂಚು ಪೂರ್ತಿ ಬೆಂದ ಮೇಲೂ ಗುಲಾಬಿ ಬಣ್ಣವಾಗಿಯೇ ಇರುತ್ತದೆ. ಬಣ್ಣ ನೋಡಿ ಬೆಂದಿದೆಯೆಂದು ನಿರ್ಣಯಿಸುವಂತಿಲ್ಲ. ಮುಚ್ಚಳದಲ್ಲಿ ಒಂದು, ಮಾಂಸಕ್ಕೆ ಚುಚ್ಚಲು ಒಂದು, ಹೀಗೆ ಎರಡು ಥರ್ಮಾಮೀಟರುಗಳು ಅವಶ್ಯ. ಒಳಭಾಗದ ಶಾಖ ಕೋಳಿಗೆ 74 ಡಿಗ್ರಿ, ಕೈಮಾಕ್ಕೆ 71 ಡಿಗ್ರಿ, ಕುರಿ ಮತ್ತು ಹಂದಿಯ ಇಡೀ ತುಂಡುಗಳಿಗೆ 63 ಡಿಗ್ರಿ ಮುಟ್ಟಿ ಮೂರು ನಿಮಿಷ ನಿಂತಿರಬೇಕು. ಹಿಮಗಟ್ಟಿದ ಮಾಂಸವನ್ನು ಪೂರ್ತಿ ಕರಗಿಸದೆ ಒಳಗಿಡಕೂಡದು. ಅದು 5ರಿಂದ 60 ಡಿಗ್ರಿಯ ನಡುವೆ ಬಹಳ ಹೊತ್ತು ಉಳಿದು ರೋಗಾಣುಗಳು ವೃದ್ಧಿಯಾಗುತ್ತವೆ. ಬೇಯಿಸದೆ ತಣ್ಣನೆಯ ಹೊಗೆ ಮಾತ್ರ ಕೊಡುವ ವಿಧಾನಕ್ಕೆ ಉಪ್ಪು, ನೈಟ್ರೈಟುಗಳ ಕರಾರುವಾಕ್ಕಾದ ಪ್ರಮಾಣ ಬೇಕಾಗುವುದರಿಂದ ಮನೆಯವರು ಅದಕ್ಕೆ ಕೈಹಾಕದಿರುವುದು ಕ್ಷೇಮ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಹೊಗೆಯಾಡಿಸಿದ ಮಾಂಸವೂ ಸೇರಿದಂತೆ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ; ಇದು ನಿತ್ಯದ ಊಟವಾಗದೆ ಹಬ್ಬದ ಊಟವಾಗಿರುವುದೇ ಮೇಲು.

ಮಾಡುವವರ, ಮಾರುವವರ ಹೊಣೆ

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ಉತ್ಪನ್ನ ಹೊಣೆಗಾರಿಕೆಗೆಂದೇ ಪ್ರತ್ಯೇಕ ಅಧ್ಯಾಯವನ್ನು ಹೊಂದಿದೆ. ತಯಾರಿಕೆಯ ದೋಷ, ವಿನ್ಯಾಸದ ದೋಷಗಳಷ್ಟೇ ಅಲ್ಲ, ಸರಿಯಾದ ಬಳಕೆಯ ಸೂಚನೆ ಹಾಗೂ ಎಚ್ಚರಿಕೆ ನೀಡದಿರುವುದೂ ತಯಾರಕನನ್ನು ಹೊಣೆಗಾರನನ್ನಾಗಿಸುತ್ತದೆ. ಕೆಲವು ಸಂದರ್ಭಗಳಲ್ಲಿ ಮಾರಾಟಗಾರನೂ ಪಾರಾಗಲಾರ. ಡ್ರಮ್ಮನ್ನು ಗ್ರಾಹಕನೇ ತಂದನೆಂಬ ಸಮಜಾಯಿಷಿಯನ್ನು ನೆಚ್ಚಿ ಕೂರುವುದು ವಿವೇಕವಲ್ಲ.

ಆದ್ದರಿಂದ ಪ್ರತಿ ಸ್ಮೋಕರಿನೊಡನೆ ಕನ್ನಡದಲ್ಲಿ ಮುದ್ರಿಸಿದ ಒಂದು ಪುಟದ ಸೂಚನೆ, ‘ಹೊರಾಂಗಣ ಬಳಕೆಗೆ ಮಾತ್ರ’ ಎಂದು ಕೆತ್ತಿದ ಫಲಕ, ಬಳಸಿದ ಶೀಟು ಮತ್ತು ಸ್ಟೀಲಿನ ದರ್ಜೆ ನಮೂದಿಸಿದ ಬಿಲ್ಲು ಇರಲಿ. ಬಾರ್ಬೆಕ್ಯೂ ಸಾಧನಗಳು ಎಚ್.ಎಸ್.ಎನ್. ಶೀರ್ಷಿಕೆ 7321ರಲ್ಲಿ ಹೆಸರಿಸಲ್ಪಟ್ಟಿವೆ, ಜಿ.ಎಸ್.ಟಿ. ನೋಂದಣಿಯುಳ್ಳ ಘಟಕಗಳು ಬಿಲ್ಲು ಮಾಡುವಾಗ ಇದನ್ನು ಗಮನಿಸಬೇಕು. ಶೀಟು ಕೊಂಡ ಬಿಲ್ಲನ್ನು ಕಾಪಾಡಿಕೊಂಡರೆ ಹೂಡುವಳಿ ತೆರಿಗೆಯ ಜಮೆಗೂ ಲೋಹದ ಮೂಲದ ದಾಖಲೆಗೂ ಅದು ನೆರವಾಗುತ್ತದೆ. ಸ್ಮೋಕರಿನಲ್ಲಿ ಬೇಯಿಸಿದ ಮಾಂಸವನ್ನು ಮಾರುವ ಉದ್ದೇಶವಿದ್ದವರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರಡಿ ನೋಂದಣಿ ಅಥವಾ ಪರವಾನಗಿ ಪಡೆಯುವುದು ಕಡ್ಡಾಯ.

ಸಿದ್ಧ ಸ್ಮೋಕರನ್ನು ಕೊಳ್ಳುವವರು ಅಂಗಡಿಯಲ್ಲಿ ನಾಲ್ಕು ಪ್ರಶ್ನೆ ಕೇಳಿದರೆ ಸಾಕು: ಶೀಟು ಹೊಸದೇ? ಜಾಲರಿ ಸ್ಟೇನ್‌ಲೆಸ್ ಸ್ಟೀಲಿನದೇ? ಒಳಗೆ ಬಣ್ಣ ಅಥವಾ ಸತುವಿನ ಲೇಪನವಿದೆಯೇ? ಎರಡೂ ಕಿಂಡಿಗಳನ್ನು ಬೇಕಾದಷ್ಟು ತೆರೆದು ಮುಚ್ಚಬಹುದೇ? ಇವುಗಳಿಗೆ ಬಿಲ್ಲಿನ ಮೇಲೆ ಬರೆದು ಉತ್ತರ ಕೊಡಬಲ್ಲ ಸಣ್ಣ ತಯಾರಕನು ಆಮದು ಸರಕಿನ ಮುಂದೆ ಅಂಜಬೇಕಾದ ಕಾರಣವಿಲ್ಲ.